ಎರಡು ಲ್ಯೂಟ್ ಜೋಡಿಯಾಗಿ ನುಡಿಸಿ ರೆಕಾರ್ಡ್ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಿನಲ್ಲಿ ನಾನೂ ನನ್ನ ಗೆಳೆಯನೂ ಮೊದಲ ಸಲ ಲ್ಯೂಟ್ ಡ್ಯುಯೆಟ್ ರೆಕಾರ್ಡ್ ಮಾಡಿದೆವು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆವು. ಮೈಕ್ ಚೆನ್ನಾಗಿತ್ತು, ಜಾಗವೂ ಚೆನ್ನಾಗಿತ್ತು. ಇಬ್ಬರ ಟ್ಯೂನರ್‌ನಲ್ಲೂ ಹಸಿರು ದೀಪ ಬಂದಿತ್ತು. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಪ್ರತಿ ಸಾಲಿನ ಕೊನೆಗೂ ಒಂದು ಕಡೆ ಅಪಸ್ವರ ಕಿವಿಗೆ ಬಡಿಯುತ್ತಿತ್ತು. ಎಫ್ ಶಾರ್ಪ್. ಎಫ್ ಸ್ವರಕ್ಕಿಂತ ಅರ್ಧ ಹೆಜ್ಜೆ ಮೇಲಿನದು. ಇಬ್ಬರೂ ಅದೇ ಸ್ವರ ನುಡಿಸಿದ್ದೆವು, ಆದರೆ ಎರಡೂ ಒಂದೇ ಎತ್ತರದಲ್ಲಿ ಇರಲಿಲ್ಲ. ಇಡೀ ದಿನದ ಕೆಲಸ ಕೈಬಿಡಬೇಕಾಯಿತು.

ಆ ದಿನದಿಂದ ಕಲಿತದ್ದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಡ್ಯುಯೆಟ್ ರೆಕಾರ್ಡಿಂಗ್‌ನ ಮುಕ್ಕಾಲು ಕೆಲಸ ಮೈಕ್ ಆನ್ ಮಾಡುವ ಮೊದಲೇ ಮುಗಿದಿರಬೇಕು. ಆ ಕೆಲಸದ ಹೊಣೆ ಹೆಚ್ಚಾಗಿ ಹೊರಬೇಕಾದವರು ಕೆಳಗಿನ ಭಾಗ ನುಡಿಸುವವರು. ಓಡುವ ಸ್ವರಗಳೆಲ್ಲ ಮೇಲಿನ ಭಾಗದಲ್ಲಿ ಇರುವುದರಿಂದ ಎಲ್ಲರ ಗಮನ ಅಲ್ಲೇ ಹೋಗುತ್ತದೆ. ಆದರೆ ತಂಬೂರಿ ಸರಿಯಿಲ್ಲದ ಕಚೇರಿ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಲ್ಯೂಟ್ ನೋಡದವರಿಗೆ ಎರಡು ಮಾತು. ಇದು ಅರಬ್ಬರ ಊದ್ ವಾದ್ಯದ ಸಂತತಿ. ಬೆನ್ನು ಅರ್ಧ ಸೀಳಿದ ಪಪ್ಪಾಯಿಯ ಹಾಗೆ ಉಬ್ಬಿರುತ್ತದೆ, ತೆಳ್ಳಗಿನ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ್ದು. ತಂತಿಗಳು ಜೋಡಿ ಜೋಡಿ, ತೀರಾ ಮೇಲಿನದು ಮಾತ್ರ ಒಂಟಿ. ಒಂದೊಂದು ಜೋಡಿಯನ್ನೂ, ಆ ಒಂಟಿಯನ್ನೂ ಒಂದೊಂದು ಸಾಲು ಅಂತ ಎಣಿಸುತ್ತಾರೆ. ಹಾಗಾಗಿ ಆರು ಸಾಲಿನ ಲ್ಯೂಟ್‌ನಲ್ಲಿ 11 ತಂತಿ ಇರುತ್ತವೆ. ಫ್ರೆಟ್‌ಗಳು (ವೀಣೆಯ ಮೆಟ್ಟಿಲಿನ ಥರದವು) ಲೋಹದವಲ್ಲ. ಕರುಳಿನ ದಾರವನ್ನು ವಾದ್ಯದ ಕತ್ತಿನ ಸುತ್ತ ಸುತ್ತಿ ಗಂಟು ಹಾಕಿರುತ್ತಾರೆ, ಬೆರಳಲ್ಲಿ ತಳ್ಳಿದರೆ ಜರುಗುತ್ತವೆ. ಈ ಕೊನೆಯ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು: ಇದು ಯಾವ ಬಗೆಯ ಡ್ಯುಯೆಟ್?

ರೆನೆಸಾನ್ಸ್ ಕಾಲದ (ಇಲ್ಲಿ 16ನೇ ಶತಮಾನದ ಆಸುಪಾಸಿನ) ಲ್ಯೂಟ್ ಡ್ಯುಯೆಟ್ ಎಲ್ಲವೂ ಒಂದೇ ಥರ ಅಲ್ಲ. ಮೈಕ್ ಎಲ್ಲಿ, ಕುರ್ಚಿ ಎಲ್ಲಿ ಅನ್ನುವುದು ಕೂಡ ಇದರ ಮೇಲೆ ನಿಂತಿದೆ.

ಒಂದು ಬಗೆ ಟ್ರೆಬಲ್ ಮತ್ತು ಗ್ರೌಂಡ್. ಗ್ರೌಂಡ್ ಅಂದರೆ ಕೆಲವೇ ಬಾರ್‌ಗಳ (ತಾಳದ ಆವರ್ತಗಳ ಹಾಗೆ) ಚಿಕ್ಕ ಸುತ್ತು, ಒಬ್ಬರು ಅದನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಇನ್ನೊಬ್ಬರು ಅದರ ಮೇಲೆ ಒಂಟಿ ಸ್ವರಗಳ ಓಟ ಕಟ್ಟುತ್ತಾ ಹೋಗುತ್ತಾರೆ, ಅದೇ ಟ್ರೆಬಲ್. ಇದರಲ್ಲಿ ದೊಡ್ಡ ಹೆಸರು ಜಾನ್ ಜಾನ್ಸನ್. 1579ರಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಆಸ್ಥಾನಕ್ಕೆ ಲ್ಯೂಟ್ ವಾದಕನಾಗಿ ಸೇರಿ, 1594ರಲ್ಲಿ ತೀರಿಕೊಂಡವನು. ಅವನ 'ರೊಜೆರೊ' ಇಂಥದ್ದಕ್ಕೆ ಒಳ್ಳೆಯ ಮಾದರಿ. ಹೊಸಬರು ಇಲ್ಲಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ಗ್ರೌಂಡ್ ಸುಲಭವಾಗಿ ಕೈಗೆ ಬರುತ್ತದೆ, ಹಾಗಾಗಿ ಗಮನವೆಲ್ಲ ಕೇಳುವುದಕ್ಕೆ ಕೊಡಬಹುದು.

ಇನ್ನೊಂದು ಬಗೆ ಸಮಸಮ ಡ್ಯುಯೆಟ್. ಈ ಸಾಲಿನಲ್ಲಿ ನೀವು ರಾಗ, ನಾನು ಆಧಾರ. ಮುಂದಿನ ಸಾಲಿನಲ್ಲಿ ಅದಲು ಬದಲು. 1616ರ ತಾರೀಖಿರುವ ಜೇನ್ ಪಿಕರಿಂಗ್ ಅವರ ಕೈಬರಹದ ಲ್ಯೂಟ್ ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿರುವ 'ಡ್ರೂರೀಸ್ ಅಕಾರ್ಡ್ಸ್' ಈ ಬಗೆಯದು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. 1603ರಲ್ಲಿ ಅಚ್ಚಾದ ಥಾಮಸ್ ರಾಬಿನ್ಸನ್‌ನ ಪಾಠಪುಸ್ತಕದಲ್ಲೂ ಕಲಿಯುವವರಿಗೆ ಅಂತಲೇ ಬರೆದ ಡ್ಯುಯೆಟ್‌ಗಳಿವೆ.

ಇಟಲಿ ಕಡೆ ಬಂದರೆ ಇನ್ನೂ ಹಿಂದಕ್ಕೆ ಹೋಗಬಹುದು. 1507ರಲ್ಲಿ ವೆನಿಸ್‌ನ ಪೆತ್ರುಚ್ಚಿ ಅಚ್ಚು ಮಾಡಿದ, ಲ್ಯೂಟ್ ವಾದಕ ಸ್ಪಿನಚಿನೊನ ಪುಸ್ತಕಗಳಲ್ಲಿ ಎರಡು ಲ್ಯೂಟ್‌ಗೆ ಬರೆದ ಕೃತಿಗಳಿವೆ. ಒಬ್ಬರು ಮೂಲ ಹಾಡಿನ ಕೆಳಗಿನ ಧ್ವನಿಗಳನ್ನು ಹಿಡಿದಿರುತ್ತಾರೆ, ಇನ್ನೊಬ್ಬರು ಹಕ್ಕಿಯ ಗರಿಯ ಕಡ್ಡಿಯಿಂದ ಮೀಟುತ್ತಾ ಮೇಲೆ ಓಡುತ್ತಾರೆ. 1559ರಲ್ಲಿ ರೋಮಿನಲ್ಲಿದ್ದ ಮಾತೆಲಾರ್ಟ್ ಇನ್ನೂ ಸೊಗಸಾದ ಕೆಲಸ ಮಾಡಿದ. ಫ್ರಾಂಚೆಸ್ಕೊ ದ ಮಿಲಾನೊ ಒಂಟಿ ಲ್ಯೂಟ್‌ಗೆ ಬರೆದಿದ್ದ ಫ್ಯಾಂಟಸಿಗಳಿಗೆ (ಸ್ವಂತ ಕಲ್ಪನೆಯಿಂದ ಕಟ್ಟಿದ ಕೃತಿಗಳಿಗೆ) ಎರಡನೇ ಲ್ಯೂಟ್ ಭಾಗ ಸೇರಿಸಿ ಪ್ರಕಟಿಸಿದ. ಇವುಗಳಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ರೆಕಾರ್ಡಿಂಗ್‌ನಲ್ಲಿ ಎಡ ಯಾವುದು, ಬಲ ಯಾವುದು ಅಂತ ಸ್ಪಷ್ಟವಾಗಿ ಕೇಳದಿದ್ದರೆ ಎಲ್ಲ ಕಲಸಿಹೋಗುತ್ತದೆ.

ಒಂದು ಎಚ್ಚರಿಕೆ. ಎಷ್ಟೋ ಇಂಗ್ಲಿಷ್ ಡ್ಯುಯೆಟ್‌ಗಳಲ್ಲಿ ಒಂದು ಭಾಗ ಮಾತ್ರ ಉಳಿದಿದೆ. ಇನ್ನೊಂದನ್ನು ಈಗಿನ ಸಂಪಾದಕರು ಊಹಿಸಿ ಕಟ್ಟಿರುತ್ತಾರೆ. ಮೂಲ ಸಂಗೀತಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಹಾಗೆ ಕಟ್ಟಿದ ಭಾಗ ಅವರ ದುಡಿಮೆ. ಅಂಥದ್ದನ್ನು ರೆಕಾರ್ಡ್ ಮಾಡಿ ಹೊರಗೆ ಹಾಕುವ ಮುಂಚೆ ಅವರನ್ನು ಕೇಳಿ, ಹೆಸರೂ ಹಾಕಿ.

ವಾದ್ಯ ಇಲ್ಲದಿದ್ದರೆ?

ಲ್ಯೂಟ್ ಸಿಗುವುದು ಕಷ್ಟ. ಬ್ರಿಟನ್ನಿನಲ್ಲಿದ್ದರೆ 1956ರಲ್ಲಿ ಶುರುವಾದ ಲ್ಯೂಟ್ ಸೊಸೈಟಿ ಸದಸ್ಯರಿಗೆ ಬಾಡಿಗೆಗೆ ಕೊಡುತ್ತದೆ. ಭಾರತದಲ್ಲಿದ್ದರೆ ನೈಲಾನ್ ತಂತಿಯ ಗಿಟಾರ್ ತೆಗೆದುಕೊಳ್ಳಿ. ಮೂರನೇ ತಂತಿಯನ್ನು ಜಿ ಯಿಂದ ಎಫ್ ಶಾರ್ಪ್‌ಗೆ ಇಳಿಸಿ, ಮೂರನೇ ಫ್ರೆಟ್ ಮೇಲೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಅಷ್ಟೇ. ಈಗ ನಿಮ್ಮ ಗಿಟಾರ್ ಜಿ ಲ್ಯೂಟ್‌ನ ಶ್ರುತಿಯಲ್ಲೇ ಇದೆ. ಮೇಲಿನಿಂದ ಜಿ, ಡಿ, ಎ, ಎಫ್, ಸಿ, ಜಿ. 65 ಸೆಂ.ಮೀ. ತಂತಿ ಕೇಪೋ ಹಾಕಿದ ಮೇಲೆ ಸುಮಾರು 55 ಆಗುತ್ತದೆ, ಸಾಮಾನ್ಯ ಲ್ಯೂಟ್‌ಗಿಂತ ತುಸು ಚಿಕ್ಕದು. ಉಗುರು ಬೇಡ, ಬೆರಳ ತುದಿಯ ಮಾಂಸದಿಂದ ಮೀಟಿ. ಎರಡು ಗಿಟಾರ್ ಹೀಗೆ ಮಾಡಿಕೊಂಡು ಲ್ಯೂಟ್ ಟ್ಯಾಬ್ಲೇಚರ್ (ಯಾವ ತಂತಿ, ಯಾವ ಫ್ರೆಟ್ ಅಂತ ತೋರಿಸುವ ಬರಹ) ನೋಡಿಕೊಂಡೇ ನುಡಿಸಬಹುದು. ಲ್ಯೂಟ್ ಜೊತೆ ಗಿಟಾರ್ ಸೇರಿಸುವುದಾದರೆ ಗಿಟಾರ್‌ಗೆ ಗ್ರೌಂಡ್ ಕೊಡಬೇಡಿ. ಅದರ ಕೆಳ ಸ್ವರಗಳ ಗುಂಗು ಲ್ಯೂಟನ್ನು ನುಂಗಿಬಿಡುತ್ತದೆ.

ಶ್ರುತಿ

ಇಲ್ಲಿ ನಿಧಾನ ಮಾಡಿ. ನಮ್ಮ ಆ ದಿನ ಹಾಳಾದದ್ದು ಇಲ್ಲೇ.

ರೆಕಾರ್ಡಿಂಗ್‌ಗೆ ವಾರ ಮುಂಚೆ ತಂತಿ ಬದಲಾಯಿಸಿ. ಹಿಂದಿನ ದಿನ ಬೇಡ, ಹೊಸ ತಂತಿ ಎಳೆದುಕೊಳ್ಳುತ್ತಲೇ ಇರುತ್ತದೆ. ಕರುಳಿನ ತಂತಿಯ ನಾದ ನನಗೆ ತುಂಬಾ ಇಷ್ಟ, ಆದರೆ ಗಾಳಿಯ ತೇವ ಸ್ವಲ್ಪ ಬದಲಾದರೂ ಅದು ಶ್ರುತಿ ಬಿಡುತ್ತದೆ. ಡ್ಯುಯೆಟ್‌ನಲ್ಲಿ ಈ ಕಾಟ ಎರಡರಷ್ಟು. ಮೊದಲ ರೆಕಾರ್ಡಿಂಗ್ ಆಗಿದ್ದರೆ ನೈಲ್‌ಗಟ್ (ಕರುಳಿನ ನಾದಕ್ಕೆ ಹತ್ತಿರದ ಕೃತಕ ತಂತಿ) ಹಾಕಿ. ಎರಡೂ ವಾದ್ಯಕ್ಕೆ ಒಂದೇ ಬಗೆಯ ತಂತಿ ಇರಲಿ. ಬಿರಡೆ ಜಾರುತ್ತಿದ್ದರೆ ಸ್ವಲ್ಪ ಸೀಮೆಸುಣ್ಣ ಸವರಿ.

ಇನ್ನು ಎಫ್ ಶಾರ್ಪ್ ಕಥೆ. ಈಗ ಲ್ಯೂಟ್ ನುಡಿಸುವ ಎಷ್ಟೋ ಜನ ಇಷ್ಟಪಡುವ ಶ್ರುತಿಗಳಲ್ಲಿ ಪಿಯಾನೋದ ಹಾಗೆ ಹನ್ನೆರಡೂ ಅರ್ಧಸ್ವರ ಸಮ ಇರುವುದಿಲ್ಲ. ಮೀನ್‌ಟೋನ್ ಅನ್ನುವ ಪದ್ಧತಿಯಲ್ಲಿ ಎಫ್ ನಿಂದ ಎಫ್ ಶಾರ್ಪ್ ಚಿಕ್ಕ ಹೆಜ್ಜೆ, ಎ ಯಿಂದ ಬಿ ಫ್ಲಾಟ್ ದೊಡ್ಡ ಹೆಜ್ಜೆ. ಲ್ಯೂಟ್‌ನಲ್ಲಿ ಈ ಎರಡೂ ಸ್ವರ ಒಂದೇ ಮೊದಲನೇ ಫ್ರೆಟ್ ಮೇಲೆ ಬರುತ್ತವೆ, ನಾಲ್ಕನೇ ಸಾಲಿನಲ್ಲಿ ಒಂದು, ಮೂರನೇ ಸಾಲಿನಲ್ಲಿ ಇನ್ನೊಂದು. ತಂತಿ 60 ಸೆಂ.ಮೀ. ಉದ್ದ ಇದ್ದರೆ, ಆರನೇ ಒಂದು ಕಾಮಾ ಮೀನ್‌ಟೋನ್‌ನಲ್ಲಿ (ಅದು ಮೀನ್‌ಟೋನ್‌ನ ಒಂದು ಬಗೆ) ಎಫ್ ಶಾರ್ಪ್‌ಗೆ ಆ ಫ್ರೆಟ್ ನಟ್‌ನಿಂದ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿಯಿಂದ) ಸುಮಾರು 30 ಮಿ.ಮೀ. ದೂರ ಇರಬೇಕು. ಬಿ ಫ್ಲಾಟ್‌ಗೆ ಸುಮಾರು 36. ಟ್ಯೂನರ್ ಹಾಕಿ ಸಮ ಶ್ರುತಿಗೆ ಕಟ್ಟಿದರೆ ಅದು 34ರ ಹತ್ತಿರ ಬಂದು ಕೂರುತ್ತದೆ.

ಗೆಳೆಯನ ಫ್ರೆಟ್ 30ರಲ್ಲಿತ್ತು. ನನ್ನದು 34ರಲ್ಲಿತ್ತು. ಒಂದು ಅಕ್ಕಿ ಕಾಳಿನಷ್ಟು ವ್ಯತ್ಯಾಸ.

ಹಾಗಾಗಿ ಈ ಕ್ರಮ ಅನುಸರಿಸಿ. ಎರಡೂ ಲ್ಯೂಟನ್ನು ಪಕ್ಕಪಕ್ಕ ಮಲಗಿಸಿ, ಸ್ಕೇಲ್ ಹಿಡಿದು ಫ್ರೆಟ್‌ಗಳನ್ನು ಅಳೆಯಿರಿ. ತಂತಿಯ ಉದ್ದ ಬೇರೆ ಇದ್ದರೆ ಅದೇ ಅನುಪಾತದಲ್ಲಿ ಲೆಕ್ಕ ಹಾಕಿ. ನೀವು ಆರಿಸಿದ ಕೃತಿಯಲ್ಲಿ ಮೊದಲ ಫ್ರೆಟ್ ಮೇಲೆ ಎಫ್ ಶಾರ್ಪ್ ಜಾಸ್ತಿ ಬರುತ್ತದಾ, ಬಿ ಫ್ಲಾಟ್ ಜಾಸ್ತಿ ಬರುತ್ತದಾ ಅಂತ ಟ್ಯಾಬ್ಲೇಚರ್‌ನಲ್ಲಿ ಬೆರಳಿಟ್ಟು ಎಣಿಸಿ. ಜಾಸ್ತಿ ಬರುವುದಕ್ಕೆ ಫ್ರೆಟ್ ಜರುಗಿಸಿ, ಇಬ್ಬರೂ ಒಂದೇ ಕಡೆಗೆ. ಎರಡೂ ಬೇಕೇ ಬೇಕು ಅನ್ನುವ ಕೃತಿಯಾದರೆ ಸಮ ಶ್ರುತಿಯಲ್ಲೇ ಇಬ್ಬರೂ ಇರಿ. ಎಲ್ಲಕ್ಕಿಂತ ಮುಖ್ಯ, ಒಬ್ಬರಂತೆ ಇನ್ನೊಬ್ಬರು ಇರುವುದು.

ಆಮೇಲೆ ಶ್ರುತಿ ಸೇರಿಸುವುದು. ಗ್ರೌಂಡ್ ನುಡಿಸುವವರು ಮಾತ್ರ ಟ್ಯೂನರ್ ಬಳಸಲಿ. ಟ್ರೆಬಲ್‌ನವರು ಟ್ಯೂನರ್ ತೆಗೆದಿಟ್ಟು, ಗ್ರೌಂಡ್‌ನ ಲ್ಯೂಟ್ ಕೇಳಿಕೊಂಡು ಒಂದೊಂದೇ ಸಾಲು ಸೇರಿಸಲಿ. ಇಬ್ಬರೂ ಟ್ಯೂನರ್ ನೋಡಿದರೆ ಇಬ್ಬರೂ ಯಂತ್ರದ ಜೊತೆ ಸೇರುತ್ತಾರೆ, ಒಬ್ಬರ ಜೊತೆ ಒಬ್ಬರು ಸೇರುವುದಿಲ್ಲ. ಕೊನೆಗೆ ಒಂದು ಪರೀಕ್ಷೆ. ಒಬ್ಬರು ನಾಲ್ಕನೇ ಸಾಲಿನ ಮೊದಲ ಫ್ರೆಟ್ ಮೀಟಲಿ, ಇನ್ನೊಬ್ಬರು ಎರಡನೇ ಸಾಲಿನ ನಾಲ್ಕನೇ ಫ್ರೆಟ್. ಕೆಳಗಿನ ಎಫ್ ಶಾರ್ಪ್, ಮೇಲಿನ ಎಫ್ ಶಾರ್ಪ್. ಅಲೆ ಅಲೆಯಾಗಿ ನಡುಗದೆ ನಿಂತರೆ ಮುಂದಕ್ಕೆ ಹೋಗಬಹುದು. ಹಾಗೇ ಐದನೇ ಸಾಲಿನ ನಾಲ್ಕನೇ ಫ್ರೆಟ್ ಮತ್ತು ಎರಡನೇ ಸಾಲಿನ ಎರಡನೇ ಫ್ರೆಟ್. ಅದು ಇ. ಈ ಎರಡು ಪರೀಕ್ಷೆಗೆ ಎರಡು ನಿಮಿಷ ಸಾಕು. ಪ್ರತಿ ಟೇಕ್‌ಗೂ ಮುಂಚೆ ಮಾಡಿ.

ಜಾಗ, ಬಟ್ಟೆ, ಕುರ್ಚಿ

ಲ್ಯೂಟ್‌ನ ಧ್ವನಿ ಎಷ್ಟು ಮೆಲ್ಲಗೆ ಅಂದರೆ ಮೈಕ್‌ನ ಗೇನ್ (ಧ್ವನಿ ಹಿಗ್ಗಿಸುವ ಮಟ್ಟ) ತುಂಬಾ ಏರಿಸಬೇಕಾಗುತ್ತದೆ. ಆಗ ಮನೆಯ ಎಲ್ಲ ಸದ್ದೂ ಏರುತ್ತದೆ. ಫ್ರಿಜ್ ಆಫ್ ಮಾಡಿ. ಕಾರಿನ ಕೀಲಿಯನ್ನು ಫ್ರಿಜ್ ಒಳಗೆ ಇಡಿ, ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಗೋಡೆ ಗಡಿಯಾರ ಇನ್ನೊಂದು ಕೋಣೆಗೆ ಹೋಗಲಿ. ಫ್ಯಾನ್ ಬಂದ್.

ಕಲ್ಲಿನ ಚರ್ಚ್ ಸಿಕ್ಕರೆ ಪುಣ್ಯ. ಆದರೆ ಅಲ್ಲಿನ ಹೀಟರ್ ಆರಿಸಿದ ಮೇಲೂ ಕೊಳವೆಗಳು ತಣ್ಣಗಾಗುತ್ತಾ ಬಹಳ ಹೊತ್ತು ಟಿಕ್ ಟಿಕ್ ಅನ್ನುತ್ತವೆ. ಒಂದು ಗಂಟೆ ಮುಂಚೆಯೇ ಆರಿಸಿಡಿ, ಆ ಹೊತ್ತಿನಲ್ಲಿ ವಾದ್ಯವೂ ಆ ಚಳಿಗೆ ಹೊಂದಿಕೊಳ್ಳುತ್ತದೆ. ಮನೆಯಾದರೆ ಪುಸ್ತಕದ ಕಪಾಟು, ಪರದೆ, ಹಾಸು ಇರುವ ದೊಡ್ಡ ಕೋಣೆ ಆರಿಸಿ. ಗೋಡೆಗೆ ಒತ್ತಿಕೊಂಡು ಕೂರಬೇಡಿ, ಸರಿಯಾಗಿ ಕೋಣೆಯ ನಡುವೆಯೂ ಬೇಡ.

ಮೈಮೇಲೆ ಹತ್ತಿ ಬಟ್ಟೆ ಇರಲಿ, ಸರಬರ ಸದ್ದು ಮಾಡುವ ಜಾಕೆಟ್ ಬೇಡ. ಅಂಗಿಯ ಗುಂಡಿ, ಬೆಲ್ಟಿನ ಕೊಂಡಿ ಲ್ಯೂಟ್‌ನ ಬೆನ್ನಿಗೆ ತಾಗಿದರೆ ಟಕ್ ಅಂತ ಕೇಳಿಸುತ್ತದೆ. ಬೆನ್ನು ದುಂಡಗಿರುವುದರಿಂದ ತೊಡೆಯ ಮೇಲೆ ಜಾರುತ್ತದೆ, ಮೆತ್ತನೆ ಚರ್ಮದ ತುಂಡು ಹಾಸಿಕೊಳ್ಳಿ. ಕಿರ್ರೆನ್ನದ ಕುರ್ಚಿ ಹುಡುಕಿ. ಲೋಹದ ಮ್ಯೂಸಿಕ್ ಸ್ಟ್ಯಾಂಡ್ ಮೇಲೆ ಟವೆಲ್ ಹೊದಿಸಿ, ಆದಷ್ಟು ಕೆಳಗಿಡಿ. ಇಲ್ಲದಿದ್ದರೆ ಧ್ವನಿ ಅದಕ್ಕೆ ತಾಗಿ ಮರಳಿ ಮೈಕ್‌ಗೆ ಬರುತ್ತದೆ. ಹಾಳೆ ತಿರುಗಿಸುವ ಸದ್ದು ಬರದಂತೆ ಎಲ್ಲ ಹಾಳೆಗಳನ್ನೂ ಒಂದೇ ಸಾಲಾಗಿ ಹರಡಿ.

ಕೂರುವುದು ಮತ್ತು ಮೈಕ್

ಇಬ್ಬರೂ ವಿ ಆಕಾರದಲ್ಲಿ ಕೂರಿ, ಮಂಡಿಗಳ ನಡುವೆ ಸುಮಾರು ಒಂದು ಮೀಟರ್ ಇರಲಿ. ಒಬ್ಬರಿಗೆ ಇನ್ನೊಬ್ಬರ ಬಲಗೈ ಕಾಣಲೇಬೇಕು. ಮುಖಕ್ಕಿಂತ ಕೈ ಮುಖ್ಯ. ರೆನೆಸಾನ್ಸ್ ಲ್ಯೂಟ್‌ನಲ್ಲಿ ಓಟದ ಸ್ವರಗಳನ್ನು ಹೆಬ್ಬೆರಳು, ತೋರುಬೆರಳು ಒಂದಾದ ಮೇಲೊಂದು ಮೀಟುತ್ತವೆ. ಹೆಬ್ಬೆರಳಿಗೆ ಒತ್ತಿನ ಸ್ವರ, ತೋರುಬೆರಳಿಗೆ ಹಗುರ ಸ್ವರ. ಗೆಳೆಯನ ಹೆಬ್ಬೆರಳು ಇಳಿಯುವುದು ಕಂಡರೆ ಲಯ ತಾನಾಗಿ ಕೂಡಿಬರುತ್ತದೆ.

ಇಬ್ಬರಿಗೂ ಬೇರೆ ಬೇರೆ ಮೈಕ್ ಹತ್ತಿರ ಇಡಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ನಾನು ಬೇಡ ಅನ್ನುತ್ತೇನೆ. ಒಂದು ಲ್ಯೂಟ್‌ನ ಧ್ವನಿ ಇನ್ನೊಂದರ ಮೈಕ್‌ಗೂ ತುಸು ತಡವಾಗಿ ಹೋಗುತ್ತದೆ. ಒಂದು ಮೀಟರ್ ದಾಟಲು ಧ್ವನಿಗೆ ಸುಮಾರು 3 ಮಿಲಿಸೆಕೆಂಡ್ ಬೇಕು. ಆಮೇಲೆ ಎರಡನ್ನೂ ಬೆರೆಸಿದಾಗ ಕೆಲವು ಸ್ವರಗಳು ತೆಳ್ಳಗಾಗಿ, ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತವೆ. ಇಬ್ಬರ ಎದುರಿಗೆ, ಮಧ್ಯಕ್ಕೆ ಬರುವಂತೆ ಒಂದೇ ಸ್ಟೀರಿಯೋ ಜೋಡಿ ಇಡಿ. ಕಾರ್ಡಿಯಾಯ್ಡ್ ಮೈಕ್ (ಮುಂದಿನಿಂದ ಬರುವ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವುದು) ಎರಡು, ನಡುವೆ 17 ಸೆಂ.ಮೀ., ಹೊರಮುಖವಾಗಿ 110 ಡಿಗ್ರಿ ಕೋನ. ಇದಕ್ಕೆ ಓಆರ್‌ಟಿಎಫ್ ಅನ್ನುತ್ತಾರೆ. ನಮ್ಮ ಎರಡು ಕಿವಿಗಳ ಹಾಗೇ ಇರುವುದರಿಂದ ಹೆಡ್‌ಫೋನ್‌ನಲ್ಲಿ ಎಡ ಲ್ಯೂಟ್ ಎಡಕ್ಕೆ, ಬಲ ಲ್ಯೂಟ್ ಬಲಕ್ಕೆ ಸಹಜವಾಗಿ ಕೂರುತ್ತದೆ.

ಮೈಕ್ ಕೊಳ್ಳುವಾಗ ಒಂದು ಅಂಕಿ ಮಾತ್ರ ನೋಡಿ, ಅದರ ಸ್ವಂತ ಸದ್ದು. ರೋಡ್ ಎನ್‌ಟಿ1-ಎ ಥರದ ಮೈಕ್‌ನಲ್ಲಿ ಅದು 5 ಡೆಸಿಬಲ್. 15 ದಾಟಿದ ಮೈಕ್‌ಗಳು ಗಿಟಾರ್‌ಗೆ ಸರಿ, ಲ್ಯೂಟ್‌ಗೆ ಹಿಸ್ ಅನ್ನುವುದು ಕೇಳಿಬಿಡುತ್ತದೆ.

ದೂರ ಎಷ್ಟು? ಚರ್ಚಿನಲ್ಲಿ ಒಂದರಿಂದ ಒಂದೂವರೆ ಮೀಟರ್, ಮನೆಯಲ್ಲಿ 70ರಿಂದ 90 ಸೆಂ.ಮೀ. ಎತ್ತರ ಕೂತವರ ತಲೆಯ ಮಟ್ಟ, ಮುಖ ಸ್ವಲ್ಪ ಕೆಳಗೆ. ಕೆತ್ತನೆಯ ರೋಸ್‌ಗೆ (ಲ್ಯೂಟ್‌ನ ಹಲಗೆಯಲ್ಲಿ ಧ್ವನಿ ಹೊರಬರುವ ಜಾಗಕ್ಕೆ) ನೇರವಾಗಿ ಗುರಿ ಇಡಬೇಡಿ, ಗುಮ್ ಅನ್ನುತ್ತದೆ. ಸುಮ್ನೆ ಊಹೆ ಮಾಡುವ ಬದಲು ಹೀಗೆ ಮಾಡಿ. 70ರಲ್ಲಿ ಇಟ್ಟು "ಎಪ್ಪತ್ತು" ಅಂತ ಬಾಯಲ್ಲಿ ಹೇಳಿ ಅರ್ಧ ನಿಮಿಷ ನುಡಿಸಿ. ಆಮೇಲೆ 90. ಆಮೇಲೆ 120. ಮೂರನ್ನೂ ಕೇಳಿ. ಮೀಟುವ ಬೆರಳು ಕೇಳುತ್ತಾ, ಕೋಣೆ ಕೇಳುತ್ತಾ ಅಂತ ನೋಡಿ. ಬೆರಳಿನ ಸದ್ದು ತುಂಬಾ ಮುಂದೆ ಬಂದರೆ ಹತ್ತಿರ ಆಯಿತು. ಇಬ್ಬರಲ್ಲಿ ಯಾರು ಯಾರು ಅಂತ ತಿಳಿಯದಿದ್ದರೆ ದೂರ ಆಯಿತು.

ಗ್ರೌಂಡ್ ಯಾವಾಗಲೂ ಜೋರಾಗಿ ಕೇಳುತ್ತದೆ, ಯಾಕೆಂದರೆ ಅದರಲ್ಲಿ ಕಾರ್ಡ್‌ಗಳಿವೆ, ಅಂದರೆ ಹಲವು ಸ್ವರ ಒಟ್ಟಿಗೆ. ಮೆಲ್ಲಗೆ ನುಡಿಸು ಅಂತ ಹೇಳಬೇಡಿ, ಆಗ ಲಯವೂ ಮೆತ್ತಗಾಗುತ್ತದೆ. ಅವರ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ. ಸಮಸಮ ಡ್ಯುಯೆಟ್ ಆದರೆ ಸರಿಸಬೇಡಿ, ಇಬ್ಬರೂ ಮೈಕ್‌ನಿಂದ ಒಂದೇ ದೂರ. ಟೇಪ್ ಹಿಡಿದು ಅಳೆಯಿರಿ.

24 ಬಿಟ್, 48 ಕಿಲೋಹರ್ಟ್ಜ್. ಅತಿ ಜೋರಿನ ಕಾರ್ಡ್ ಮೈನಸ್ 12 ಡೆಸಿಬಲ್ ಮುಟ್ಟಿದರೆ ಸಾಕು. ತಾನಾಗಿ ಗೇನ್ ಏರಿಳಿಸುವ ಸೌಲಭ್ಯ ಇದ್ದರೆ ಆಫ್ ಮಾಡಿ.

ನುಡಿಸುವಾಗ

ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ಟಕ್ ಟಕ್ ಅಂತ ಲಯ ಹಾಕುವುದು) ಬೇಡ. ಪವಾನ್ ಆಗಲಿ ಗ್ಯಾಲಿಯಾರ್ಡ್ ಆಗಲಿ, ಅವು ಕಾಲಿನ ಕುಣಿತ. ಸಾಲಿನ ಕೊನೆಗೆ ತುಸು ಉಸಿರು ಬೇಕು. ಶುರು ಮಾಡುವವರು ಗ್ರೌಂಡ್‌ನವರೇ. ಅವರು ಮೂಗಿನಲ್ಲಿ ಸದ್ದಾಗದಂತೆ ಒಂದು ಉಸಿರು ಎಳೆದುಕೊಂಡು ಬಲಗೈ ಎತ್ತಲಿ. ಆ ಎತ್ತುವ ವೇಗವೇ ಲಯ. ಟ್ರೆಬಲ್‌ನವರಿಗೆ ಅದು ಸಾಕು.

ಮುಂಚೆಯೇ ಒಂದು ಮಾತು ಆಡಿಕೊಳ್ಳಿ. ಕಾರ್ಡನ್ನು ಬಿಡಿಸಿ ಝರ್ರ್ ಅಂತ ಮೀಟುವುದು ಯಾರು? ಇಬ್ಬರೂ ಹಾಗೆ ಮಾಡಿದರೆ ಸ್ವರಗಳು ಕಾಲಿಗೆ ಕಾಲು ಸಿಕ್ಕಿ ಬೀಳುತ್ತವೆ. ನಮ್ಮ ಒಪ್ಪಂದ ಹೀಗಿದೆ. ಗ್ರೌಂಡ್‌ನವರು ಎಲ್ಲ ಸ್ವರ ಒಟ್ಟಿಗೆ ಮೀಟುತ್ತಾರೆ, ಕಟ್ಟಕಡೆಯ ಕಾರ್ಡ್ ಮಾತ್ರ ಬಿಡಿಸಬಹುದು.

ಇಡೀ ಕೃತಿಯನ್ನು ನಿಲ್ಲಿಸದೆ ಮೂರು ಸಲ ನುಡಿಸಿ. ತಪ್ಪಾದರೂ ನಿಲ್ಲಿಸಬೇಡಿ. ಆಮೇಲೆ ಕೂತು ಕೇಳಿ, ಒಂದನ್ನು ಆಧಾರ ಅಂತ ಆರಿಸಿ, ಅದರಲ್ಲಿ ಕೆಟ್ಟ ಸಾಲುಗಳನ್ನು ಮಾತ್ರ ಮತ್ತೆ ನುಡಿಸಿ. ಆ ಸಾಲಿನಿಂದಲೇ ಶುರು ಮಾಡಬೇಡಿ, ಹಿಂದಿನ ಸಾಲಿನಿಂದ ಬನ್ನಿ. ಲ್ಯೂಟ್‌ನ ಹಿಂದಿನ ಸ್ವರ ಇನ್ನೂ ಗುಂಯ್ ಅನ್ನುತ್ತಿರುವಾಗಲೇ ಮುಂದಿನದು ಬರುತ್ತದೆ. ಆ ಗುಂಗು ಇಲ್ಲದಿದ್ದರೆ ಜೋಡಿಸಿದ ಜಾಗ ಕತ್ತರಿಸಿದ ಹಾಗೆ ಕೇಳುತ್ತದೆ. ಮತ್ತೆ ನುಡಿಸುವ ಮುಂಚೆ ಆಧಾರ ಟೇಕ್‌ನ ಮೊದಲ ಕಾರ್ಡ್ ಹಾಕಿ ಕೇಳಿ, ಅದಕ್ಕೇ ಶ್ರುತಿ ಸೇರಿಸಿ. ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಅಲುಗಾಡದೆ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಜೋಡಿಸುವಾಗ ಬೇಕಾಗುತ್ತದೆ.

ಒಬ್ಬರೇ ಎರಡೂ ಭಾಗ ನುಡಿಸುವುದಾದರೆ

ಜೊತೆಗಾರ ಸಿಗದವರೇ ಜಾಸ್ತಿ. ನಾನೂ ಎಷ್ಟೋ ಚಳಿಗಾಲ ಹೀಗೇ ಕಳೆದಿದ್ದೇನೆ. ಆಗ ಈ ಕ್ರಮ ಕೆಲಸ ಮಾಡುತ್ತದೆ.

ಮೊದಲು ಟ್ರೆಬಲ್ ಭಾಗವನ್ನು ಕರಡಾಗಿ ಒಮ್ಮೆ ನುಡಿಸಿ ರೆಕಾರ್ಡ್ ಮಾಡಿ. ತಪ್ಪಿದ್ದರೂ ಪರವಾಗಿಲ್ಲ, ಉಸಿರಾಟ ಸರಿಯಿರಲಿ. ಶುರುವಿನಲ್ಲಿ ಲಯಕ್ಕೆ ಸರಿಯಾಗಿ ಎರಡು ಚಪ್ಪಾಳೆ ಹಾಕಿ. ಅದನ್ನು ಕೇಳುತ್ತಾ ಗ್ರೌಂಡನ್ನು ಪೂರ್ತಿ ಮನಸ್ಸಿಟ್ಟು ನುಡಿಸಿ, ಇದು ಉಳಿಯುವ ಟೇಕ್. ಈಗ ಕರಡನ್ನು ಮುಚ್ಚಿ, ಗ್ರೌಂಡ್ ಕೇಳುತ್ತಾ ಟ್ರೆಬಲ್ ಹೊಸದಾಗಿ ನುಡಿಸಿ. ಕರಡು ಇಲ್ಲದೆ ಗ್ರೌಂಡನ್ನೇ ಮೊದಲು ನುಡಿಸಿದರೆ ಅದು ಗಡಿಯಾರದ ಹಾಗೆ ಬಂದುಬಿಡುತ್ತದೆ, ಮೇಲಿನ ಓಟಕ್ಕೆ ಜಾಗವೇ ಇರುವುದಿಲ್ಲ.

ಮೈಕ್ ಅಲುಗಿಸಬೇಡಿ. ನೀವು ಎದ್ದು ಎರಡನೇ ಕುರ್ಚಿಗೆ ಹೋಗಿ. ಆಗ ಎರಡೂ ಲ್ಯೂಟ್ ಒಂದೇ ಕೋಣೆಯಲ್ಲಿ ಬೇರೆ ಬೇರೆ ಕಡೆ ಕೂತ ಹಾಗೆ ಬರುತ್ತದೆ. ಮುಚ್ಚಿದ ಹೆಡ್‌ಫೋನ್ ಬಳಸಿ, ಸಣ್ಣ ಧ್ವನಿಯಲ್ಲಿ, ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ನಿಮ್ಮ ಲ್ಯೂಟ್ ಕೇಳಲಿ. ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆಯಲ್ಲಿ) ನೇರ ಮಾನಿಟರಿಂಗ್ ಆನ್ ಮಾಡಿ, ಇಲ್ಲದಿದ್ದರೆ ಕಂಪ್ಯೂಟರ್‌ನ ತಡ ಲಯ ಕೆಡಿಸುತ್ತದೆ. ಎರಡೂ ಭಾಗ ಒಂದೇ ದಿನ ಮುಗಿಸಿ. ಎರಡು ಟ್ರ್ಯಾಕ್ ಸೇರಿದಾಗ ಕೋಣೆಯ ಸದ್ದು 3 ಡೆಸಿಬಲ್ ಏರುತ್ತದೆ, ಹಾಗಾಗಿ ಮೌನ ಇನ್ನೂ ಜಾಸ್ತಿ ಬೇಕು.

ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಕೇಪೋ ಹಾಕಿದ ಗಿಟಾರ್‌ನಲ್ಲಿ ನನ್ನ ಗ್ರೌಂಡ್ ಮೇಲೆ ಟ್ರೆಬಲ್ ನುಡಿಸಿ ಕಳಿಸುತ್ತಾನೆ. ಗಿಟಾರ್‌ನ ಫ್ರೆಟ್ ಜರುಗುವುದಿಲ್ಲ, ಆದ್ದರಿಂದ ನಾನೇ ನನ್ನ ಫ್ರೆಟ್‌ಗಳನ್ನು ಸಮ ಶ್ರುತಿಗೆ ಸರಿಸುತ್ತೇನೆ. ಮೊದಲ ಸಲ ಅವನು ಫೋನ್ ಮಾಡಿ ಕೇಳಿದ್ದು, "ಏನೋ, ನಿನ್ನ ಫೈಲ್‌ನಲ್ಲಿ ತಂತಿಯ ಕೊನೆಯೆಲ್ಲ ಗರಗರ ಅಂತಿದೆಯಲ್ಲೋ?" ನಾನು ವಾಟ್ಸ್‌ಆ್ಯಪ್‌ನಲ್ಲಿ ಆಡಿಯೋ ಆಗಿ ಕಳಿಸಿದ್ದೆ, ಅದು ಹಿಂಡಿ ಚಿಕ್ಕದು ಮಾಡಿತ್ತು. ಈಗ ವೇವ್ ಫೈಲನ್ನೇ ಡ್ರೈವ್‌ನಲ್ಲಿ ಹಾಕುತ್ತೇನೆ. ಅವನು ನುಡಿಸುವುದು ಬೆಳಗಿನ ಜಾವ, ನೀರಿನ ಮೋಟಾರು, ಕುಕ್ಕರ್ ವಿಷಲ್ ಶುರುವಾಗುವ ಮುಂಚೆ.

ಜೋಡಿಸುವುದು, ಮಿಕ್ಸ್

ಇದು ಚಿಕ್ಕ ಕೆಲಸ ಆಗಬೇಕು. ಕತ್ತರಿಸುವುದು ಹೊಸ ಸ್ವರ ಮೀಟುವ ತುಸು ಮುಂಚೆ, 10ರಿಂದ 20 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಂಡು ಆರುತ್ತಾ ಇನ್ನೊಂದು ಏರುವುದು) ಹಾಕಿ. ಆರನೇ ಸಾಲಿನ ಜಿ 98 ಹರ್ಟ್ಜ್, ಏಳನೇ ಸಾಲು ಡಿ ಆಗಿದ್ದರೆ 73. ಆದ್ದರಿಂದ 45ಕ್ಕಿಂತ ಕೆಳಗಿನದನ್ನು ಕತ್ತರಿಸಿದರೆ ಲಾರಿಯ ಗುಡುಗು ಹೋಗುತ್ತದೆ, ಸಂಗೀತಕ್ಕೆ ಏನೂ ಆಗುವುದಿಲ್ಲ. ಕಂಪ್ರೆಸರ್ (ಜೋರು, ಮೆಲ್ಲಗಿನ ಅಂತರ ಕುಗ್ಗಿಸುವುದು) ಬೇಡ. ಮನೆಯ ರೆಕಾರ್ಡಿಂಗ್ ತೀರಾ ಒಣಗಿದ್ದರೆ ಒಂದೂವರೆ ಸೆಕೆಂಡಿನ ಕೋಣೆ ರಿವರ್ಬ್ (ಕೃತಕ ಗುಂಗು) ಸ್ವಲ್ಪ ಸೇರಿಸಿ, ಎರಡೂ ಲ್ಯೂಟ್‌ಗೆ ಒಂದೇ ರಿವರ್ಬ್. ಸ್ಪಾಟಿಫೈ ಮೈನಸ್ 14 ಲಫ್ಸ್‌ಗೆ (ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ಸರಿಹೊಂದಿಸುತ್ತದೆ ಅಂತ ಲ್ಯೂಟನ್ನು ಹಿಂಡಿ ಅಲ್ಲಿಗೆ ಏರಿಸಬೇಡಿ. ಮೈನಸ್ 20ರಲ್ಲಿದ್ದರೂ ನಡೆಯುತ್ತದೆ. ಕೇಳುವವರು ವಾಲ್ಯೂಮ್ ಏರಿಸಿಕೊಳ್ಳುತ್ತಾರೆ.

ಕೊನೆಯ ಕಾರ್ಡನ್ನು ಫೇಡ್ ಮಾಡಿ ಮುಗಿಸಬೇಡಿ. ನುಡಿಸುವಾಗಲೇ ಇಬ್ಬರೂ ಕೈ ಎತ್ತದೆ, ಧ್ವನಿ ಪೂರ್ತಿ ಆರಿದ ಮೇಲೂ ಐದು ಎಣಿಸಿ.

ಒಂದು ಲ್ಯೂಟ್, ಇಬ್ಬರು

ಎರಡು ಲ್ಯೂಟ್‌ನ ಅಭ್ಯಾಸ ಆದ ಮೇಲೆ ಪ್ರಯತ್ನಿಸಬೇಕಾದದ್ದು ಇನ್ನೊಂದಿದೆ. ಆ ಕಾಲದ ಹೆಸರಾಂತ ಲ್ಯೂಟ್ ವಾದಕ ಜಾನ್ ಡೌಲಂಡ್ 1597ರ ತನ್ನ ಮೊದಲ ಹಾಡುಪುಸ್ತಕದ ಕೊನೆಗೆ 'ಮೈ ಲಾರ್ಡ್ ಚೇಂಬರ್ಲಿನ್ ಹಿಸ್ ಗ್ಯಾಲಿಯಾರ್ಡ್' ಅಚ್ಚು ಹಾಕಿಸಿದ. ಇಬ್ಬರು ಒಂದೇ ಲ್ಯೂಟ್ ಮೇಲೆ ನುಡಿಸಬೇಕಾದ ಕೃತಿ. ಎರಡು ಎಡಗೈ ಒಂದೇ ಕತ್ತಿನ ಮೇಲೆ, ಎರಡು ಬಲಗೈ ಒಂದೇ ಹಲಗೆಯ ಮೇಲೆ.

ಇದಕ್ಕೆ ಕುರ್ಚಿ ಬೇಡ, ಬೆನ್ನಿಲ್ಲದ ಬೆಂಚು ತನ್ನಿ. ಕೆಳಗಿನ ಭಾಗ ನುಡಿಸುವವರು ಹಿಂದೆ ಕೂತು ತೋಳು ಬಳಸಿ ಹಿಡಿಯಲಿ, ಮೇಲಿನ ಭಾಗದವರು ಮುಂದೆ. ಗಂಡ ಹೆಂಡತಿಗೋ ತಾಯಿ ಮಗುವಿಗೋ ಇದು ಸುಲಭ. ಉಳಿದವರು ಪಕ್ಕಪಕ್ಕ ಕೂತು ಲ್ಯೂಟನ್ನು ಇಬ್ಬರ ತೊಡೆಗೂ ಅಡ್ಡವಾಗಿ ಇಟ್ಟುಕೊಳ್ಳಬಹುದು. ತೋಳಿನ ಬಟ್ಟೆ ತೋಳಿಗೆ ಉಜ್ಜುವ ಸದ್ದು ಇಲ್ಲಿ ದೊಡ್ಡ ತೊಂದರೆ, ಇಬ್ಬರೂ ತೋಳು ಮಡಚಿಕೊಳ್ಳಿ. ಸ್ಟೀರಿಯೋ ಜೋಡಿಯನ್ನು 60 ಸೆಂ.ಮೀ. ಹತ್ತಿರಕ್ಕೆ ತನ್ನಿ, ಕೋನವನ್ನು 90 ಡಿಗ್ರಿಗೆ ಇಳಿಸಿ. ಎಡ ಬಲ ಬೇರ್ಪಡಿಸುವ ಆಸೆ ಬಿಡಿ, ಧ್ವನಿ ಬರುವುದು ಒಂದೇ ಹಲಗೆಯಿಂದ. ನಾನೂ ಗೆಳೆಯನೂ ಮೊದಲ ಸಲ ಇದನ್ನು ಕೊನೆಯ ಕಾರ್ಡಿನ ತನಕ ನುಡಿಸಿ ಮುಗಿಸಿದಾಗ ಕತ್ತಲಾಗಿತ್ತು. ಆವತ್ತು ಎಫ್ ಶಾರ್ಪ್ ಒಂದೇ ಇತ್ತು.